ಕೋಟಪ್ಪನ ಥಿನ್ನರ್

ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇದ್ದೇ ಇತ್ತು. ಆದರೆ ಅದು ಆಸ್ಪತ್ರೆಯ ಫೈಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ಸೆಕೆಂಡ್ ಕೋಟಪ್ಪ. ಅವಸರದಲ್ಲಿದ್ದವರಿಗೆ ಬರೀ ಕೋಟಪ್ಪ. ಮೂವತ್ತು ವರ್ಷ ಮನೆ, ಅಂಗಡಿ, ಶಾಲೆಗಳಿಗೆ ಬಣ್ಣ ಬಳಿದ ಈ ಮನುಷ್ಯ ಒಂದೇ ಒಂದು ಗೋಡೆಯನ್ನೂ ಒಂದೇ ಕೋಟು ಬಣ್ಣಕ್ಕೆ ಬಿಟ್ಟು ಬಂದವನಲ್ಲ. ಮನೆ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತು, “ಚೆನ್ನಾಗೇ ಕಾಣ್ತಿದೆಯಲ್ಲ, ಇಷ್ಟೇ ಸಾಕು” ಅಂದರೆ ಅವನಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು.

“ಕಾಣೋದು ಬೇರೆ, ನಿಲ್ಲೋದು ಬೇರೆ ಸಾರ್,” ಅನ್ನುತ್ತಿದ್ದ. “ಮೊದಲನೇ ಕೋಟು ನಿಮ್ಮ ಕಣ್ಣಿಗೆ. ಎರಡನೇದು ಗೋಡೆಗೆ.”

ಒಮ್ಮೆ ಒಬ್ಬ ಯಜಮಾನ ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಕೆಲಸ ಮುಗಿಯಿತೆಂದು ಇವನನ್ನು ಕಳಿಸಿಬಿಟ್ಟ. ಕೋಟಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಭಾನುವಾರ. ಬ್ರಷ್ಷು ಹಿಡಿದು ಅದೇ ಮನೆಗೆ ಹೋಗಿ ಮಹಡಿ ಮೆಟ್ಟಿಲಿನ ಗೋಡೆಗೆ ಎರಡನೇ ಕೋಟು ಎಳೆದೇ ಬಂದ. ಆಗಷ್ಟೇ ಮದುವೆಯಾಗಿ ಬಂದಿದ್ದ ಹೆಂಡತಿ, ತನ್ನನ್ನು ಎಂಥವನ ಕೈಗೆ ಹಿಡಿದು ಕೊಟ್ಟಿದ್ದಾರೆಂದು ಅವತ್ತೇ ಅರ್ಥವಾಯಿತು ಎಂದು ಈಗಲೂ ಹೇಳುತ್ತಾಳೆ. ಹೊಗಳಿ ಹೇಳುತ್ತಾಳೋ ಬೈದು ಹೇಳುತ್ತಾಳೋ ತಿಳಿಯುವುದಿಲ್ಲ.

ಅವಳೇನು ಕಡಿಮೆಯೇ? ಮನೆಯ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮೆಷಿನ್, ಒಂದು ಉದ್ದನೆಯ ಮೇಜು, ಗೋಡೆಗೊಂದು ಆಳೆತ್ತರದ ಕನ್ನಡಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದೇ ಅವಳ ಕಸುಬು. ಪ್ಯಾಂಟಿನ ಅಂಚು ಮಡಚುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು, ಸಣ್ಣಗಾದವರ ಬಟ್ಟೆ ಹಿಡಿಯುವುದು, ದಪ್ಪಗಾದವರದ್ದು ಬಿಡುವುದು. ಬೆರಳ ಸಂದಿಯಲ್ಲಿ ಸದಾ ಒಂದು ಚೂರು ನೀಲಿ ಸೀಮೆಸುಣ್ಣ. ಮಗಳಿಗೆ ಬಸ್ ಡಿಪೋದ ಕಚೇರಿಯಲ್ಲಿ ಕೆಲಸ, ಎರಡು ಬೀದಿಯಾಚೆ ಸಂಸಾರ. ಸಂಜೆ ಮನೆಗೆ ಹೋಗುವ ಮುಂಚೆ ಇಲ್ಲಿ ಇಣುಕಿ, ಅಪ್ಪ ಅಮ್ಮನ ಜಗಳ ಎಲ್ಲಿಗೆ ಬಂತೆಂದು ವಿಚಾರಿಸಿ ಹೋಗುತ್ತಿದ್ದಳು.

ಜಗಳ ಹೆಚ್ಚಾಗಿ ವಾಸನೆಯ ಬಗ್ಗೆ. ಆಯಿಲ್ ಪೇಂಟಿನ ಕೆಲಸವಿದ್ದ ದಿನ ಕೋಟಪ್ಪ ಬಣ್ಣ ತೆಳು ಮಾಡುವ ಥಿನ್ನರಿನಲ್ಲೇ ಮೊಣಕೈವರೆಗೂ ಕೈ ತೊಳೆದು ಬರುತ್ತಿದ್ದ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಮಡಚಿಟ್ಟ ಗಿರಾಕಿಗಳ ಬಟ್ಟೆಗೂ ಅದೇ ವಾಸನೆ ಹತ್ತುತ್ತದೆ ಎಂದು ಅವಳು ಸಿಡುಕುತ್ತಿದ್ದಳು. ಕೈಗೆ ಅಷ್ಟು ಧಾರಾಳವಾಗಿ ಥಿನ್ನರ್ ಸುರಿದುಕೊಳ್ಳುವ ಮನುಷ್ಯ ಡಬ್ಬದೊಳಗೆ ಮಾತ್ರ ಒಂದು ಮುಚ್ಚಳಕ್ಕಿಂತ ಜಾಸ್ತಿ ಹಾಕಲು ಬಿಡುತ್ತಿರಲಿಲ್ಲ. ಥಿನ್ನರ್ ಹೆಚ್ಚಾದರೆ ಬಣ್ಣ ಗೋಡೆಯನ್ನು ಹಿಡಿಯುವುದಿಲ್ಲ, ಕಣ್ಣೀರಿನ ಹಾಗೆ ಇಳಿಯುತ್ತದೆ, ಹಳೆಯ ಕಲೆಯೆಲ್ಲ ಹಲ್ಲು ಕಿರಿದು ಹೊರಗೆ ಬರುತ್ತದೆ. ಜೊತೆಯ ಕೆಲಸಗಾರ ಉದ್ದಣ್ಣ, ಏಣಿಯಿಲ್ಲದೆ ಬಾಗಿಲ ಮೇಲಿನ ಪಟ್ಟಿಗೆ ಬಣ್ಣ ಹಚ್ಚಬಲ್ಲ ಮಹಾನುಭಾವ, ಈ ವಿಷಯಕ್ಕೆ ತಿಂದಷ್ಟು ಬೈಗುಳ ಬೇರೆ ಯಾವುದಕ್ಕೂ ತಿಂದಿಲ್ಲ.

ಎರಡು ವರ್ಷದ ಹಿಂದೆ ಕೋಟಪ್ಪನ ಎಡಗಾಲಿನ ಮೀನಖಂಡ ಊದಿಕೊಂಡಿತು. ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡು ಕೆಲಸಕ್ಕೆ ಹೋದ. ಮೂರನೇ ದಿನ ಏಣಿಯ ಮೇಲೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರದೊಂದು ತುಂಡು ಶ್ವಾಸಕೋಶಕ್ಕೆ ಹೋಗಿತ್ತು. ಬದುಕಿದ್ದೇ ಹೆಚ್ಚು. ಬಿಡುಗಡೆಯ ದಿನ ಡಾಕ್ಟರಮ್ಮ ಒಂದು ಪಟ್ಟಿ ಮಾತ್ರೆ ತೋರಿಸಿ, ಇದನ್ನು ದಿನವೂ ಸಂಜೆ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಇದು ಬ್ಲಡ್ ಥಿನ್ನರ್, ಮತ್ತೆ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ, ಬಹುಶಃ ಜೀವನಪೂರ್ತಿ ಬೇಕಾಗುತ್ತದೆ ಎಂದರು.

“ಏನಂದ್ರಿ?” ಅಂತ ಕೋಟಪ್ಪ ಎದ್ದು ಕೂತ. “ಥಿನ್ನರ್?”

“ಹೂಂ, ಥಿನ್ನರ್. ರಕ್ತ ತೆಳು ಮಾಡೋ ಔಷಧಿ ಅಂತ ಕರೀತೀವಿ.”

ಆ ಒಂದು ಪದ ಈ ಮನೆಯಲ್ಲಿ ಎಂಥ ಪದ ಎಂಬುದು ಪಾಪ ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು?

ಮಾತ್ರೆಯ ಜವಾಬ್ದಾರಿಯನ್ನು ಹೆಂಡತಿ ತಾನೇ ಹೊತ್ತಳು. ಸಂಜೆ ಆರು ಹೊಡೆದರೆ ಮೆಷಿನ್ ನಿಲ್ಲುತ್ತಿತ್ತು. ಮೆಷಿನ್ನಿನ ಡ್ರಾಯರಿನಿಂದ ಪಟ್ಟಿ ತೆಗೆದು, ಒಂದು ಮಾತ್ರೆ ಬಿಡಿಸಿ, ಅವನ ಅಂಗೈ ಮೇಲಿಟ್ಟು, ನೀರು ಕೊಟ್ಟು, ಗಂಟಲಿನಿಂದ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಗೋಡೆಯ ಕ್ಯಾಲೆಂಡರಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೀಟು. ತಿಂಗಳಿಗೊಮ್ಮೆ ಡಾಕ್ಟರಮ್ಮನ ಹತ್ತಿರ ರಕ್ತ ಪರೀಕ್ಷೆ. ರಕ್ತ ಎಷ್ಟು ನಿಧಾನವಾಗಿ ಗಟ್ಟಿಯಾಗುತ್ತದೆಂದು ತೋರಿಸುವ ಸಂಖ್ಯೆ ಎರಡು ಮತ್ತು ಮೂರರ ನಡುವೆ ಇರಬೇಕು. ಇರುತ್ತಿತ್ತು. ಎರಡು ವರ್ಷದಲ್ಲಿ ಒಂದು ಗೀಟೂ ತಪ್ಪಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಪ್ರೀತಿ ಗೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬಂದದ್ದಿಲ್ಲ. ಆದರೆ ಆ ಆರು ಗಂಟೆಯ ಹೊತ್ತು ಕೋಟಪ್ಪನಿಗೆ ಬಹಳ ಇಷ್ಟವಾಗಿತ್ತು.

ಆಮೇಲೆ ಕಲೆಗಳು ಬಂದವು. ಮೊದಲು ತೊಡೆಯ ಮೇಲೆ, ಏಣಿಯ ಮೆಟ್ಟಿಲು ಒತ್ತುವ ಕಡೆ. ನಂತರ ತೋಳಿನಲ್ಲಿ, ಪಕ್ಕೆಯಲ್ಲಿ. ಬಣ್ಣದವನ ಕಣ್ಣು ನೋಡಿ, ಕಲೆಯನ್ನೂ ಅವನು ಶೇಡ್ ಕಾರ್ಡಿನ ಹಾಗೆಯೇ ಓದಿದ. ಸಾಮಾನ್ಯ ಪೆಟ್ಟಿನ ಕಲೆ ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಮಾಸಲು ಹಳದಿಗೆ ತಿರುಗಿ ಮಾಯವಾಗಬೇಕು. ಇಲ್ಲಿ ಹಳೆಯದು ಹಸಿರಾಗುವ ಮೊದಲೇ ಪಕ್ಕದಲ್ಲಿ ಹೊಸ ನೇರಳೆ. ಹಲ್ಲುಜ್ಜಿದರೆ ನೊರೆ ಗುಲಾಬಿ. ಛಾವಣಿಯ ಕೆಲಸವನ್ನು ಉದ್ದಣ್ಣನಿಗೂ ಬಿಡದೆ ತಾನೇ ಮಾಡುತ್ತಿದ್ದವನು ಈಗ ಹತ್ತು ಗಂಟೆಗೇ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದ.

ಕೋಟಪ್ಪ ಯಾರನ್ನೂ ಕೇಳಲಿಲ್ಲ. ಕೇಳುವುದೇನು ಬಂತು? ಥಿನ್ನರ್ ಜಾಸ್ತಿಯಾಗಿದೆ, ಬಣ್ಣ ಇಳಿಯುತ್ತಿದೆ, ಅಷ್ಟೇ. ಇದನ್ನು ಬೇರೆಯವರು ಹೇಳಿಕೊಡಬೇಕಾದ ಮನುಷ್ಯನೇ ಅವನು? ಹೆಂಡತಿಗೆ ಹೇಳಿದರೆ ಅವಳು ಡಾಕ್ಟರಮ್ಮನ ಮಾತು ವೇದವಾಕ್ಯವೆಂದು ಹಟ ಹಿಡಿಯುತ್ತಾಳೆ. ಹಾಗಾಗಿ ಒಂದು ಸಂಜೆ ಮಾತ್ರೆಯನ್ನು ನಾಲಿಗೆಯ ಅಡಿ ಇಟ್ಟುಕೊಂಡು ನೀರು ಮಾತ್ರ ನುಂಗಿದ. ಹಿತ್ತಿಲಿಗೆ ಹೋಗಿ, ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿಯ ಖಾಲಿ ಡಬ್ಬಿಯೊಂದರೊಳಗೆ ಉಗಿದ. ಒಳಗೆ ಅವಳು ಕ್ಯಾಲೆಂಡರಿಗೆ ಗೀಟು ಹಾಕುತ್ತಿದ್ದಳು. ನಾಚಿಕೆಯಾಯಿತು, ಆದರೂ ಮರುದಿನವೂ ಅದನ್ನೇ ಮಾಡಿದ.

ವಾರ ಕಳೆಯಿತು. ಎರಡು ವಾರ ಕಳೆಯಿತು. ಥಿನ್ನರ್ ನಿಲ್ಲಿಸಿದ ಮೇಲೆ ಬಣ್ಣ ಇಳಿಯುವುದೂ ನಿಲ್ಲಬೇಕಲ್ಲವೇ? ಕಲೆಗಳು ಮಾತ್ರ ಬರುತ್ತಲೇ ಇದ್ದವು. ಕೋಟಪ್ಪನ ಲೆಕ್ಕಾಚಾರ ಮೊದಲ ಬಾರಿ ಕೈಕೊಟ್ಟಿತು. ತೋಳು ಕಾಣದಂತೆ ಉದ್ದ ಕೈಯ ಅಂಗಿ ಹಾಕಿಕೊಂಡು ಓಡಾಡಿದ.

ಇಪ್ಪತ್ತನೇ ದಿನ ಶಾಲೆಯೊಂದರ ಮೊಗಸಾಲೆಯಲ್ಲಿ ಗೋಡೆಯ ಕೆಳಗಿನ ನೀಲಿ ಪಟ್ಟಿಗೆ ಎರಡನೇ ಕೋಟು ಎಳೆಯುತ್ತಿದ್ದಾಗ ಮೂಗಿನಿಂದ ರಕ್ತ ತೊಟ್ಟಿಕ್ಕಿತು. ಹನಿ ಬಿದ್ದದ್ದು ಹಸಿ ಬಣ್ಣದ ಮೇಲೆ. ಆ ಪುಣ್ಯಾತ್ಮ ಮೂಗು ಹಿಡಿದುಕೊಳ್ಳುವುದು ಬಿಟ್ಟು ಮೊದಲು ಪಟ್ಟಿಯನ್ನು ಒರೆಸಿ ಸರಿಮಾಡಿದ. ಅರ್ಧ ಗಂಟೆಯಾದರೂ ರಕ್ತ ನಿಲ್ಲಲಿಲ್ಲ. ಉದ್ದಣ್ಣ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬಂದ. ಫೋನು ಹೋದ ಹತ್ತು ನಿಮಿಷಕ್ಕೆ ಹೆಂಡತಿಯೂ ಬಂದಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

ಡಾಕ್ಟರಮ್ಮ ಮೂಗಿಗೆ ಹತ್ತಿ ತುರುಕಿ, ಬೆರಳು ಚುಚ್ಚಿ, ಯಂತ್ರದ ಸಂಖ್ಯೆ ನೋಡಿ ಹುಬ್ಬು ಗಂಟಿಕ್ಕಿದರು. ಒಂದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ.

“ಇದು ಮಾತ್ರೆ ತಗೊಳ್ಳೋರ ರಕ್ತದ ಹಾಗಿಲ್ಲವಲ್ಲ. ದಿನಾ ತಗೊಳ್ತಿದ್ದೀರಾ?”

“ತಗೊಳ್ತಿದ್ದೀನಿ,” ಅಂದ ಕೋಟಪ್ಪ, ಹೆಂಡತಿಯ ಕಡೆ ನೋಡದೆ.

“ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ,” ಅವಳು ಮುಂದೆ ಬಂದಳು. “ನನ್ನ ಕೈಯಾರೆ ಕೊಡ್ತೀನಿ. ಬೇಕಾದ್ರೆ ಮನೆಗೆ ಬಂದು ಕ್ಯಾಲೆಂಡರ್ ನೋಡಿ.”

“ಹಾಗಾದ್ರೆ ಬೇರೆ ಯಾವುದಾದ್ರೂ ಮಾತ್ರೆ ಅದಲುಬದಲಾಯ್ತಾ ನೋಡಿ ಅಮ್ಮ. ಗುಂಡಗೆ, ಸಣ್ಣಗೆ ಇರೋವು ಎಲ್ಲಾ ಒಂದೇ ಥರ ಕಾಣ್ತಾವೆ. ನೀವು ಕೊಟ್ಟದ್ದು ಇದೇ ಅಂತ ಖಾತ್ರಿನಾ?”

ಎರಡು ವರ್ಷದ ಗೀಟುಗಳನ್ನೆಲ್ಲ ಮನಸ್ಸಿನಲ್ಲೇ ಹಿಂದಕ್ಕೆ ಓಡಿಸಿ, ಯಾವ ದಿನ ಕೈತಪ್ಪಿತೆಂದು ಹುಡುಕತೊಡಗಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. ಕೋಟಪ್ಪನಿಗೆ ಅದನ್ನು ನೋಡಲಾಗಲಿಲ್ಲ.

“ಅವಳು ಸರಿಯಾಗೇ ಕೊಟ್ಟಿದ್ದಾಳೆ,” ಅಂದ. “ನಾನು ನುಂಗಿಲ್ಲ.”

ಹೀಗೆ ಬಣ್ಣದವನ ಬಣ್ಣ ಬಯಲಾಯಿತು. ನಾಲಿಗೆಯ ಅಡಿ, ಹಿತ್ತಿಲು, ಪುಟ್ಟಿ ಡಬ್ಬಿ, ಎಲ್ಲವನ್ನೂ ಹೇಳಿದ. ಥಿನ್ನರ್ ಜಾಸ್ತಿಯಾಯಿತು ಅಂದುಕೊಂಡೆ ಎಂದ. ಉದ್ದಣ್ಣ ಬಾಗಿಲ ಚೌಕಟ್ಟಿಗೆ ಬಳಿದ ಬಣ್ಣವನ್ನು ಪರೀಕ್ಷಿಸುವವನ ಹಾಗೆ ಆ ಕಡೆ ತಿರುಗಿ ನಿಂತ. ಹೆಂಡತಿ ಕುತ್ತಿಗೆಯ ಟೇಪು ತೆಗೆದು ಬಿಗಿಯಾಗಿ ಸುರುಳಿ ಸುತ್ತಿದಳು.

ಡಾಕ್ಟರಮ್ಮ ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ಕೂತಿದ್ದ. ಅವರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಎಷ್ಟು ದಿನದಿಂದ ನುಂಗಿಲ್ಲ?”

“ಹತ್ತೊಂಬತ್ತು.”

“ಈ ತೋಳಿನ ಮೇಲಿನ ಕಲೆ ಯಾವಾಗ ಬಂತು?”

“ಮೊನ್ನೆ. ಇನ್ನೂ ನೇರಳೆ ಇದೆ ನೋಡಿ, ಹಸಿರಾಗೋಕೆ ಶುರುವಾಗಿಲ್ಲ.”

“ಹತ್ತೊಂಬತ್ತು ದಿನದಿಂದ ಮಾತ್ರೆ ಇಲ್ಲ. ಮೊನ್ನೆ ಕಲೆ ಬಂದಿದೆ, ಇವತ್ತು ಮೂಗಲ್ಲಿ ರಕ್ತ.” ಅವರು ನಿಧಾನವಾಗಿ ಹೇಳಿದರು. “ಹಾಗಾದ್ರೆ ಇದು ಮಾತ್ರೆ ಕೆಲಸ ಅಲ್ಲ. ಮಾತ್ರೆ ನುಂಗ್ತಾ ಇದ್ದಿದ್ರೆ ನಾನೂ ಅದರ ಮೇಲೇ ಹಾಕಿ, ಸ್ವಲ್ಪ ಕಡಿಮೆ ಮಾಡಿ, ಮುಂದಿನ ವಾರ ಬನ್ನಿ ಅಂತ ಕಳಿಸಿಬಿಡ್ತಿದ್ನೋ ಏನೋ. ನೀವು ಮಾಡಿದ್ದು ದೊಡ್ಡ ತಪ್ಪು. ಕಾಲಲ್ಲಿ ಮತ್ತೆ ಹೆಪ್ಪುಗಟ್ಟಿದ್ರೆ ಇಲ್ಲಿ ಕೂತು ಮಾತಾಡೋಕೆ ಇರ್ತಿರಲಿಲ್ಲ. ಆದ್ರೆ ನಿಜ ಹೇಳಿ ಒಳ್ಳೇದು ಮಾಡಿದ್ರಿ. ಈಗಲೇ ಇನ್ನೊಂದು ಪರೀಕ್ಷೆ ಆಗಬೇಕು.”

ಮಧ್ಯಾಹ್ನಕ್ಕೆ ವರದಿ ಬಂತು. ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ತಳ ಹಿಡಿದಿದ್ದವು. ಬಿಳಿ ಕಣಗಳ ಲೆಕ್ಕ ಏರಿತ್ತು, ಅವುಗಳಲ್ಲಿ ಇನ್ನೂ ಬಲಿಯದ, ಇರಬಾರದ ಕಣಗಳೇ ತುಂಬಿಕೊಂಡಿದ್ದವು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳದೆ, ಇದು ರಕ್ತದ ಕ್ಯಾನ್ಸರ್ ಇರಬಹುದು, ಲುಕೇಮಿಯಾ ಅನ್ನುತ್ತಾರೆ, ನಾಳೆಗೆ ಬಿಡುವ ಹಾಗಿಲ್ಲ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಎಂದು ತಾವೇ ಫೋನು ಮಾಡಿ ಹಾಸಿಗೆ ಗೊತ್ತುಮಾಡಿದರು. ಆಟೋದಲ್ಲಿ ಹೆಂಡತಿ ಅವನ ಪಕ್ಕದಲ್ಲಿ ಕೂತಳು, ಆದರೆ ಅವನ ಮುಖ ನೋಡಲಿಲ್ಲ.

ದೊಡ್ಡಾಸ್ಪತ್ರೆಯ ರಕ್ತದ ಡಾಕ್ಟರು ಮೆತ್ತಗೆ ಮಾತಾಡುವ ಮನುಷ್ಯ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ, ಮಾರನೇ ದಿನ ಹಾಸಿಗೆಯ ಪಕ್ಕ ಕೂತು ಪ್ರಶ್ನೆಗಳನ್ನು ಕೇಳತೊಡಗಿದರು.

“ಥಿನ್ನರ್ ಎಷ್ಟು ವರ್ಷದಿಂದ?”

“ಎರಡು ವರ್ಷದಿಂದ,” ಅಂದಳು ಹೆಂಡತಿ.

“ಮೂವತ್ತು ವರ್ಷದಿಂದ,” ಅಂದ ಕೋಟಪ್ಪ.

ಡಾಕ್ಟರು ಇಬ್ಬರನ್ನೂ ನೋಡಿದರು. ಅವರು ಕೇಳಿದ್ದು ಬಣ್ಣಕ್ಕೆ ಹಾಕುವ ಥಿನ್ನರ್ ಬಗ್ಗೆ. ಆ ಗೊಂದಲ ಬಿಡಿಸಿದ ಮೇಲೆ, ಅವಳು ಎರಡು ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೊರಗೆ ಹಾಕಿದಳು.

“ಆ ಮಾತ್ರೆಯಿಂದಲೇ ಬಂತಾ ಸಾರ್ ಇದು? ರಕ್ತ ತೆಳು ಮಾಡಿ ಮಾಡಿ?”

“ಇಲ್ಲಮ್ಮ. ರಕ್ತ ತೆಳು ಅನ್ನೋದು ಬರೀ ಮಾತಿಗೆ. ಆ ಮಾತ್ರೆ ರಕ್ತಕ್ಕೆ ನೀರು ಬೆರೆಸೋಲ್ಲ, ಕಣಗಳನ್ನ ಮುಟ್ಟೋದೂ ಇಲ್ಲ. ರಕ್ತ ಗಟ್ಟಿಯಾಗೋ ಕೆಲಸವನ್ನ ನಿಧಾನ ಮಾಡುತ್ತೆ, ಅಷ್ಟೇ. ಈ ಕಾಯಿಲೆ ಶುರುವಾಗೋದು ರಕ್ತ ತಯಾರಾಗೋ ಕಡೆ, ಮೂಳೆಯೊಳಗೆ. ಅಲ್ಲಿ ಆ ಮಾತ್ರೆಗೆ ಏನೂ ಕೆಲಸ ಇಲ್ಲ.”

“ಅಂದ್ರೆ ಥಿನ್ನರ್ ಡಬ್ಬದೊಳಗಿನ ವಿಷಯ,” ಅಂದ ಕೋಟಪ್ಪ, “ಇದು ಪೇಂಟ್ ಕಾರ್ಖಾನೆ ವಿಷಯ.”

ಡಾಕ್ಟರು ನಕ್ಕು, ತಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ ಎಂದರು. ಬಣ್ಣದ ಥಿನ್ನರ್ ಬಗ್ಗೆ ಮಾತ್ರ ಅವರು ನಗಲಿಲ್ಲ. ಅಂಥ ದ್ರಾವಕಗಳಲ್ಲಿ ಕೆಲವನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ, ಚರ್ಮಕ್ಕೆ ಹಚ್ಚಿಕೊಂಡವರಿಗೆ ರಕ್ತದ ಕಾಯಿಲೆಗಳ ಅಪಾಯ ಹೆಚ್ಚು. ನಿಮಗೆ ಬಂದದ್ದು ಅದರಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾಗದು. ಆದರೆ ಇನ್ನು ಅದರಲ್ಲಿ ಕೈ ತೊಳೆಯಬೇಡಿ ಎಂದರು. ಆಮೇಲೆ, ಸಿಹಿ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದವರ ಹಾಗೆ, ಇದು ಲುಕೇಮಿಯಾಗಳಲ್ಲೇ ಒಂದು ವಿಶೇಷ ಜಾತಿ ಎಂದರು. ಮೊದಲ ಕೆಲವು ವಾರ ಬಹಳ ಅಪಾಯ; ಒಂದು ಕಡೆ ರಕ್ತ ಸೋರುತ್ತದೆ, ಇನ್ನೊಂದು ಕಡೆ ಹೆಪ್ಪುಗಟ್ಟಲೂಬಹುದು. ಅದನ್ನು ದಾಟಿದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ರಕ್ತ ತೆಳುವಿನ ಮಾತ್ರೆ ಸದ್ಯಕ್ಕೆ ಬೇಡ, ಪ್ಲೇಟ್‌ಲೆಟ್ ಏರಿದ ಮೇಲೆ ನೋಡೋಣ.

ಕೋಟಪ್ಪನ ಜೀವಕ್ಕೆ ಸ್ವಲ್ಪ ಜೀವ ಬಂತು. ಹೆಂಡತಿ ತಲೆಯಾಡಿಸಿದಳು. ಆದರೆ ಹೊರಗೆ ಬೆಂಚಿನ ಮೇಲೆ ಉದ್ದಣ್ಣ ಕಾಯುತ್ತಿದ್ದ. ಕೆಟ್ಟವನಲ್ಲ, ಬಾಯಿಗೆ ಮುಚ್ಚಳವಿಲ್ಲ, ಅಷ್ಟೇ.

“ಅವರು ಹಾಗೇ ಹೇಳೋದು ಅತ್ತಿಗೆ,” ಅಂದ ಅವನು. “ನಾವು ಬಣ್ಣದವರು, ನಮಗೆ ಗೊತ್ತಿಲ್ವಾ? ಕೆಂಪಿಗೆ ಎರಡು ವರ್ಷ ಥಿನ್ನರ್ ಸುರಿದ್ರೆ ಬೆಳ್ಳಗಾಗದೆ ಇನ್ನೇನಾಗುತ್ತೆ? ಬಿಳಿ ಕಣ ಜಾಸ್ತಿ ಅಂತ ಅವರೇ ಅಂದ್ರಲ್ಲ.”

ಈ ಮಾತು ಬಾಗಿಲ ಸಂದಿಯಿಂದ ಕೋಟಪ್ಪನಿಗೂ ಕೇಳಿಸಿತು. ಕೂಗಿ ಬೈಯಲು ಬಾಯಿ ತೆರೆದ, ಮೂಗಿನ ಹತ್ತಿ ಜಾರಿತು, ನರ್ಸಮ್ಮ ಸುಮ್ಮನಿರಿಸಿದಳು. ಒಳಗೆ ಬಂದ ಹೆಂಡತಿಯ ಮುಖ ನೋಡಿದರೆ ಆ ಮಾತು ಎಲ್ಲಿ ಹೋಗಿ ನಾಟಬೇಕೋ ಅಲ್ಲಿ ನಾಟಿತ್ತು.

ಆ ತಿಂಗಳು ಸುಲಭದ್ದಾಗಿರಲಿಲ್ಲ. ದಿನವೂ ಪ್ಲೇಟ್‌ಲೆಟ್ ಚೀಲ ತೂಗುಬಿದ್ದಿರುತ್ತಿತ್ತು. ರಕ್ತವೆಂದರೆ ಕೆಂಪೆಂದು ತಿಳಿದಿದ್ದ ಕೋಟಪ್ಪನಿಗೆ ಆ ಹಳದಿ ನೋಡಿ ಆಶ್ಚರ್ಯ. ಮಲಗುವ ಕೋಣೆಗೆ ಹಚ್ಚಿದರೆ ಚೆನ್ನಾಗಿರುತ್ತದೆ ಎಂದು ನರ್ಸಮ್ಮನಿಗೆ ಸಲಹೆ ಕೊಟ್ಟ. ಅಳಿಯ ಪ್ಲೇಟ್‌ಲೆಟ್ ಕೊಟ್ಟ, ಉದ್ದಣ್ಣನೂ ಎರಡು ಸಲ ಕೊಟ್ಟ. ವಿಟಮಿನ್ನಿನ ಜಾತಿಗೆ ಸೇರಿದ ಒಂದು ಗುಳಿಗೆ, ಜೊತೆಗೆ ನರದಲ್ಲಿ ಹನಿಹನಿಯಾಗಿ ಇಳಿಯುವ ಒಂದು ಔಷಧಿ. ಅದರ ಹೆಸರು ವಿಚಾರಿಸಿದರೆ ಪಾಷಾಣ. ಹೌದು, ಇಲಿಗೆ ಹಾಕುವ ಪಾಷಾಣದ ವಂಶವೇ. ಅಳತೆಯಲ್ಲಿ ಕೊಟ್ಟರೆ ಈ ಕಾಯಿಲೆಗೆ ಅದೇ ಮದ್ದು.

“ನೋಡಿದ್ಯೇನೇ,” ಅಂದ ಹೆಂಡತಿಗೆ. “ಕಾಪಾಡಿದ ಮಾತ್ರೆ ಮೇಲೆ ಅಪವಾದ, ವಿಷಕ್ಕೆ ಸನ್ಮಾನ.”

ಅವಳು ನಗಲಿಲ್ಲ. ಎರಡನೇ ವಾರ ಜ್ವರ ಬಂದು, ಮೈ ಊದಿ, ಉಸಿರು ಕಟ್ಟಿ ಐದು ದಿನ ಅವನಿಗೆ ಪ್ರಜ್ಞೆ ಇದ್ದೂ ಇಲ್ಲದಂತಿತ್ತು. ಕಣ್ಣು ಬಿಟ್ಟಾಗಲೆಲ್ಲ ಅವಳು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿರುತ್ತಿದ್ದಳು, ಅದು ತನ್ನದಲ್ಲವೇನೋ ಎಂಬಂತೆ. ಸಾಯುವ ಭಯ ಕೋಟಪ್ಪನಿಗೂ ಇತ್ತು. ಆದರೆ ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಭಯ ಹುಟ್ಟಿತು. ತಾನು ಈಗ ಹೋಗಿಬಿಟ್ಟರೆ ಇವಳು ಉಳಿದ ಆಯುಷ್ಯವೆಲ್ಲ ತಾನೇ ಕೊಂದೆ ಎಂದುಕೊಂಡು ಕೂರುತ್ತಾಳೆ. ಹಾಗಾಗಿ ಹೋಗುವ ಹಾಗಿಲ್ಲ ಎಂದು ತೀರ್ಮಾನಿಸಿದ.

ಮೂವತ್ತೆರಡನೇ ದಿನ ಮತ್ತೆ ಮಜ್ಜೆ ಪರೀಕ್ಷೆ ಮಾಡಿದರು. ಕೆಟ್ಟ ಕಣ ಕಾಣಿಸಲಿಲ್ಲ. ರಕ್ತದ ಡಾಕ್ಟರು ಕೈಕುಲುಕಿ, ಮನೆಗೆ ಹೋಗಬಹುದು, ಆದರೆ ಮುಂದಿನ ಕೆಲವು ತಿಂಗಳು ಇದೇ ಔಷಧಿಗಳ ಸುತ್ತುಗಳಿಗೆ ಬರುತ್ತಿರಬೇಕು ಎಂದರು.

“ಎಲ್ಲಾ ಶುದ್ಧ ಆಗಿದೆ ಅಂದ್ರಲ್ಲ ಸಾರ್,” ಹೆಂಡತಿ ಗಾಬರಿಯಾದಳು. “ಮತ್ತೆ ಯಾಕೆ ಆ ವಿಷ? ಇನ್ನು ಯಾವ ಔಷಧಿನೂ ಬೇಡ. ನಾನು ಕರ್ಕೊಂಡು ಹೋಗ್ತೀನಿ.”

ಹೀಗೆ ಕೇಳುವವರು ಬಹಳ ಜನ ಎಂದು ಡಾಕ್ಟರು ವಿವರಿಸಲು ಹೊರಟರು. ಕೋಟಪ್ಪ ಕೈಯೆತ್ತಿ ಅವರನ್ನು ತಡೆದ. ತಿಂಗಳಲ್ಲಿ ಮೊದಲ ಬಾರಿಗೆ ಅವನ ದನಿಗೆ ಹಳೆಯ ಗತ್ತು ಬಂದಿತ್ತು.

“ಕಾಣೋದು ಬೇರೆ, ನಿಲ್ಲೋದು ಬೇರೆ ಕಣೇ. ಈಗ ಆಗಿರೋದು ಮೊದಲನೇ ಕೋಟು. ಕಲೆ ಮುಚ್ಚಿದೆ, ಹೋಗಿಲ್ಲ.” ಡಾಕ್ಟರ ಕಡೆ ತಿರುಗಿದ. “ಎರಡನೇ ಕೋಟು ಯಾವತ್ತು ಸಾರ್?”

ಇಷ್ಟು ವರ್ಷ ಇದೇ ಮಾತನ್ನು ಕೇಳಿ ಕಿವಿ ತೂತಾಗಿದ್ದ ಹೆಂಡತಿ, ತಾರೀಖು ಬರೆದುಕೊಳ್ಳಲು ಡಾಕ್ಟರ ಹತ್ತಿರ ಪೆನ್ನು ಕೇಳಿದಳು.

ಸುತ್ತುಗಳು ನಡೆದವು. ವಾರಕ್ಕೆ ಐದು ದಿನ ಆಸ್ಪತ್ರೆಯ ಕುರ್ಚಿ, ಕೆಲವು ವಾರ ಬಿಡುವು, ಮತ್ತೆ ಕುರ್ಚಿ. ಮಧ್ಯೆ ಶಕ್ತಿಯಿದ್ದ ದಿನ ಕೆಲಸದ ಜಾಗಕ್ಕೆ ಹೋಗಿ ಡಬ್ಬದ ಮೇಲೆ ಕೂತು ಉದ್ದಣ್ಣನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. ಥಿನ್ನರಿನಲ್ಲಿ ಕೈ ತೊಳೆಯುವುದು ಬಂದ್. ಅಡುಗೆ ಎಣ್ಣೆ, ಆಮೇಲೆ ಸೋಪು. ಕಿಟಕಿ ತೆರೆದಿರಬೇಕು, ಮೂಗಿಗೆ ಮಾಸ್ಕ್ ಇರಬೇಕು. ಬಿಳಿ ಕಣದ ಪಾಠವೂ ಉದ್ದಣ್ಣನಿಗೆ ಅಲ್ಲೇ ಆಯಿತು. ಕೆಂಪು ತೆಳ್ಳಗಾದರೆ ಗುಲಾಬಿಯಾಗುತ್ತದೆ, ಬಿಳಿ ಎಲ್ಲಿಂದ ಬರುತ್ತದೆ, ಅಷ್ಟೂ ತಿಳಿಯದವನು ಬ್ರಷ್ಷು ಯಾಕೆ ಹಿಡಿದೆ ಎಂದು ಕೋಟಪ್ಪ ಕೇಳಿದಾಗ ಉದ್ದಣ್ಣ ಕಿವಿ ಕೆಂಪಗೆ ಮಾಡಿಕೊಂಡು, ಅತ್ತಿಗೆಯ ಹತ್ತಿರ ಹೋಗಿ ತಪ್ಪೊಪ್ಪಿ ಬಂದ. ಅವಳು ಪರವಾಗಿಲ್ಲ ಅಂದಳು. ಅಂದಳು, ಅಷ್ಟೇ.

ಕೊನೆಯ ಸುತ್ತಿಗೆ ಮುಂಚೆ ಪ್ಲೇಟ್‌ಲೆಟ್ ಆರೋಗ್ಯವಂತರಷ್ಟೇ ಆಯಿತು. ರಕ್ತದ ಡಾಕ್ಟರೂ ಡಾಕ್ಟರಮ್ಮನೂ ಮಾತಾಡಿಕೊಂಡು, ಕಾಲಿನ ಹೆಪ್ಪಿನ ಭಯ ಇನ್ನೂ ಇದ್ದೇ ಇದೆ, ರಕ್ತ ತೆಳುವಿನ ಮಾತ್ರೆ ಮತ್ತೆ ಶುರುಮಾಡಿ, ವಾರಕ್ಕೊಮ್ಮೆ ಪರೀಕ್ಷೆ ಎಂದರು. ಹೊಸ ಪಟ್ಟಿಯನ್ನು ಮಗಳು ತಂದು ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಹೋದಳು.

ಸಂಜೆ ಆರು ಹೊಡೆಯಿತು. ಮೆಷಿನ್ ನಿಲ್ಲಲಿಲ್ಲ. ಆರೂವರೆಗೆ ಹೆಂಡತಿ ನೀರಿನ ಲೋಟವನ್ನೂ ಪಟ್ಟಿಯನ್ನೂ ಮೇಜಿನ ತುದಿಯಲ್ಲಿಟ್ಟು, “ನೀವೇ ತಗೊಳ್ಳಿ” ಅಂದು, ಒಂದು ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತಳು. ಕ್ಯಾಲೆಂಡರಿನ ಮೇಲೆ ಗೀಟು ನಿಂತು ತಿಂಗಳುಗಳಾಗಿದ್ದವು.

“ಯಾಕೆ, ಕೈ ನೋವಾ?” ಅಂದ ಕೋಟಪ್ಪ.

“ನನ್ನ ಕೈಯಿಂದ ಬೇಡ ರೀ.” ಅವಳ ಕತ್ತರಿ ನಿಂತಿತು. “ಡಾಕ್ಟರು ಹೇಳಿದ್ದು ಅರ್ಥ ಆಗಿದೆ. ತಲೆಗೆ ಅರ್ಥ ಆಗಿದೆ. ಆದ್ರೆ ಎರಡು ವರ್ಷ ಈ ಕೈಯಿಂದಲೇ ಕೊಟ್ಟೆ, ನೀವು ಸಾಯೋ ಹಾಗಾದ್ರಿ. ಪಟ್ಟಿ ಮುಟ್ಟಿದ್ರೆ ಕೈ ನಡುಗುತ್ತೆ.”

ಕೋಟಪ್ಪ ಎದ್ದು ಹಿತ್ತಿಲಿಗೆ ಹೋದ. ವಾಪಸು ಬಂದಾಗ ಕೈಯಲ್ಲಿ ಪುಟ್ಟಿ ಡಬ್ಬಿಯಿತ್ತು. ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಒಣಗಿ, ಕರಗಿ, ಅಂಟಿಕೊಂಡ ಹತ್ತೊಂಬತ್ತು ಮಾತ್ರೆಗಳು ಉದುರಿದವು.

“ನೀನು ಕೊಟ್ಟದ್ದನ್ನ ನುಂಗಿದ ಎರಡು ವರ್ಷ ಏಣಿ ಹತ್ತಿದೆ, ಛಾವಣಿಗೆ ಬಣ್ಣ ಹೊಡೆದೆ, ನಿನ್ನ ಜೊತೆ ಜಗಳ ಆಡಿದೆ. ಉಸಿರು ಒಂದು ದಿನಾನೂ ಸಿಕ್ಕಿಕೊಳ್ಳಲಿಲ್ಲ. ನನ್ನನ್ನ ಕೊಲ್ಲೋಕೆ ಹೊರಟಿದ್ದು ಇವು ಕಣೇ, ನಾನು ಉಗಿದವು. ತಪ್ಪು ಮಾಡಿದ ಕೈ ಬೇಕಾದ್ರೆ ಇದು.” ತನ್ನ ಬಲಗೈ ಚಾಚಿದ. “ನಿನಗೆ ಮೋಸ ಮಾಡಿದೆ. ಅದಕ್ಕೆ ಇಷ್ಟು ದಿನ ಕ್ಷಮಿಸು ಅನ್ನೋಕೂ ಬಾಯಿ ಬರಲಿಲ್ಲ. ಈಗ ಹೇಳ್ತಿದ್ದೀನಿ.”

ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಂಗೈ ಮೇಲಾಗಿ ಹಾಗೇ ಹಿಡಿದಿದ್ದ. ಛಾವಣಿಗೆ ಬಣ್ಣ ಬಳಿದು ಪಳಗಿದ ತೋಳು, ಹಿಂದೆ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕಾಯಿಲೆ ಬಿದ್ದೆದ್ದ ತೋಳು ಈಗ ಎರಡು ನಿಮಿಷಕ್ಕೇ ಅಲುಗತೊಡಗಿತು. ಅವನು ಇಳಿಸಲಿಲ್ಲ.

“ನಾನೇ ತಗೊಂಡ್ರೆ ನನ್ನ ಬುದ್ಧಿ ನಿನಗೆ ಗೊತ್ತಲ್ಲ,” ಅಂದ. “ಮತ್ತೆ ಡಬ್ಬಿ ತುಂಬುತ್ತೆ.”

ಅವಳು ಆ ನಡುಗುವ ಕೈಯನ್ನು ನೋಡಿದಳು. ಕತ್ತರಿ ಕೆಳಗಿಟ್ಟಳು. ಪಟ್ಟಿ ಎತ್ತಿಕೊಂಡು ಒಂದು ಮಾತ್ರೆ ಬಿಡಿಸಲು ಹೋದರೆ ಅದು ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಬಿಡಿಸಿದಳು. ನಡುಗುವ ಕೈಯಿಂದ ನಡುಗುವ ಕೈಗೆ ಅದನ್ನು ಇಟ್ಟಳು. ಕೋಟಪ್ಪ ನೀರು ಕುಡಿದು ನುಂಗಿದ. ಅವಳ ಕಣ್ಣು ತುಂಬಿ ಬಂದದ್ದನ್ನು ಇಬ್ಬರೂ ಗಮನಿಸದವರಂತೆ ಇದ್ದರು.

“ಬಾಯಿ ತೆಗೀರಿ,” ಅಂದಳು ಅವಳು.

ತೆಗೆದ.

“ನಾಲಿಗೆ ಎತ್ತಿ.”

ಎತ್ತಿದ. ಅವಳು ಬಗ್ಗಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ಏನೂ ಇರಲಿಲ್ಲ. ಗೋಡೆಯ ಹತ್ತಿರ ಹೋಗಿ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಖು ಹುಡುಕಿ ನೀಲಿ ಗೀಟು ಹಾಕಿದಳು. ವಾಪಸು ಬಂದು ಅವನ ಎದುರು ನಿಂತಳು.

“ಇನ್ನೊಂದು ಸಲ ಎತ್ತಿ.”

“ಈಗ ತಾನೇ ನೋಡಿದ್ಯಲ್ಲೇ?”

“ಅದು ಮೊದಲನೇ ಕೋಟು,” ಅಂದಳು.